ಸುಲೋಚನಮ್ಮನ ಕರಿನೆಲ

ಸುಮನಾ ಸುಲೋಚನಮ್ಮನನ್ನು ಮೊದಲು ಕಂಡದ್ದು ಮದುವೆಯಾಗಿ ಹೆಗ್ಗದ್ದೆಗೆ ಬಂದ ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಹಿತ್ತಿಲ ಬಾಗಿಲಲ್ಲಿ. ಅತ್ತೆ ವಿಶಾಲಮ್ಮ ಗದ್ದೆಗೆ ಹೋಗಿದ್ದರು. ಮಾವ ಶಾಂತಮಲ್ಲಪ್ಪ ಕಾಫಿ ಹಣ್ಣು ಎಷ್ಟು ಕೆಂಪಾಗಿದೆ ಎಂದು ನೋಡಿ ಬರಲು ತೋಟಕ್ಕೆ ಇಳಿದಿದ್ದರು. ಗಂಡ ರಾಜಶೇಖರ್ ಹಾನುಬಾಳಿಗೆ ಹೋಗಿದ್ದ. ಹೊಸ ಮನೆಯಲ್ಲಿ ಅವಳು ಮೊದಲ ಬಾರಿಗೆ ಒಬ್ಬಳೇ ಇದ್ದಳು. ಯಾವ ಡಬ್ಬಿಯಲ್ಲಿ ಏನಿದೆ ಎಂಬುದೇ ಇನ್ನೂ ತಿಳಿದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಂಗಸು ಕುಳ್ಳಗಿದ್ದರು, ಗಟ್ಟಿಯಾಗಿದ್ದರು. ಸೀರೆಯನ್ನು ಮೊಣಕಾಲಿನ ಕೆಳಗೆ ಒಂದು ಗೇಣಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಂಕುಳಲ್ಲಿ ಬಿದಿರಿನ ಪುಟ್ಟಿ, ಹೆಗಲಿಗೆ ಗೊಬ್ಬರದ ಚೀಲದಲ್ಲಿ ಹೊಲಿದ ಒಂದು ಕೈಚೀಲ. ಸುಮನಾಳ ಕಣ್ಣು ಹೋದದ್ದು ಮಾತ್ರ ಅವರ ಕೈಗೆ. ಅಂಗೈ ತಿಕ್ಕಿ ತಿಕ್ಕಿ ಹೊಳೆಗಲ್ಲಿನಷ್ಟು ನುಣುಪಾಗಿತ್ತು, ಉಗುರುಗಳ ಸುತ್ತ ಮಾತ್ರ ಕಪ್ಪು ಗೆರೆ ಕೂತಿತ್ತು.

"ಸತ್ತ ಸೆಲ್ಲು ಐತೇನವ್ವಾ?" ಎಂದು ಅವರು ಕೇಳಿದರು.

"ಯಾವ ಸೆಲ್ಲು?"

"ಟಾರ್ಚಿಂದೋ, ಗಡಿಯಾರದ್ದೋ, ಯಾವ್ದಾದ್ರೂ ಆಯ್ತದೆ. ಸತ್ತಿರ್ಬೇಕು ಅಷ್ಟೇ. ಬದುಕಿರೋದು ಕೊಟ್ಟು ನಿಮ್ಮಾವನ ಕೈಲಿ ಬೈಸ್ಕೋಬೇಡ ಮತ್ತೆ."

ಹೊಸ ಸೊಸೆಗೆ ಯಾರಿಗೂ ಇಲ್ಲ ಎನ್ನಲು ಮನಸ್ಸಿಲ್ಲ. ಒಳಗೆಲ್ಲ ಹುಡುಕಿ, ಬಾಗಿಲ ಮೂಲೆಯ ಗೂಟಕ್ಕೆ ನೇತುಹಾಕಿದ್ದ ಉದ್ದನೆಯ ಟಾರ್ಚನ್ನು ತೆಗೆದು ಬಿಸಿಲಿನಲ್ಲಿ ಒತ್ತಿ ನೋಡಿದಳು. ಬೆಳಕು ಕಾಣಲಿಲ್ಲ. ಸತ್ತಿದೆ ಎಂದುಕೊಂಡು ಮೂರೂ ಸೆಲ್ಲನ್ನು ತೆಗೆದು ಪುಟ್ಟಿಗೆ ಹಾಕಿದಳು. ಸಂಜೆ ಕತ್ತಲಾಗುವ ಮುನ್ನ ಗೇಟು ಹಾಕಲು ಹೊರಟ ಶಾಂತಮಲ್ಲಪ್ಪ ಟಾರ್ಚು ಒತ್ತಿದರು, ಕುಲುಕಿದರು, ಹಿಂದಿನ ಬಿರಡೆ ತಿರುಗಿಸಿದರು. ಒಳಗೆ ಏನೂ ಇರಲಿಲ್ಲ. ವಿಷಯ ತಿಳಿದ ಮೇಲೆ ಸೊಸೆಯತ್ತ ತಿರುಗಿ, "ಅಲ್ಲ ಕಣವ್ವಾ, ಆನೆ ಬಂದ್ರೆ ಟಾರ್ಚಿನ ಬದ್ಲು ನನ್ನ ಬೋಳುತಲೆ ತೋರಿಸ್ಲೇನು?" ಎಂದರು. ಮನೆಯವರೆಲ್ಲ ನಕ್ಕರು. ಸುಮನಾಳಿಗೆ ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ಸುಲೋಚನಮ್ಮ ತಾವಾಗಿ ಬಂದು ಮೂರು ಸೆಲ್ಲನ್ನೂ ಅವಳ ಕೈಗೆ ಹಾಕಿದರು. "ನಮ್ಮನೆ ರೇಡಿಯೋಗೆ ಹಾಕಿ ನೋಡ್ದೆ, ಹಾಡ್ತವೆ. ಜೀವ ಇರೋದನ್ನ ನಾನು ಒಡೆಯಾಕಿಲ್ಲ" ಎಂದರು. ಆಮೇಲೆ ಅವಳ ಮುಖ ನೋಡಿ, "ನಿನ್ನ ತೌರು ಕೆ. ಹೊಸಕೋಟೆ ಅಂತಲ್ಲ? ನಂದೂ ಆ ಕಡೆಯೇ, ಎರಡು ಮೈಲಿ ಆಚೆ. ಹೆದರ್ಕೋಬೇಡ, ನಾನಿದೀನಿ" ಎಂದರು. ಆ ಊರಿನಲ್ಲಿ ಸುಮನಾಳಿಗೆ ಸಿಕ್ಕ ಮೊದಲ ಆಸರೆಯ ಮಾತು ಅದು.

ಆ ದಿನವೇ ಅವಳು ಕರಿನೆಲ ಆಗುವುದನ್ನು ನೋಡಿದ್ದು. ಅವಳ ತವರಿನಲ್ಲಿ ಸಿಮೆಂಟಿನ ನೆಲ. ಇಲ್ಲಿ ಪಡಸಾಲೆಗೆ ಮಾತ್ರ ಕೆಂಪು ಗಾರೆ, ನಡುಮನೆ ಮತ್ತು ಅಡುಗೆಮನೆಗೆ ಸಗಣಿ ನೆಲ. ಟೈಲ್ಸ್ ಮೇಲೆ ಕಾಲಿಟ್ಟರೆ ಮಂಡಿ ಹಿಡಿಯುತ್ತದೆ ಎಂದು ಶಾಂತಮಲ್ಲಪ್ಪ ಸಗಣಿ ನೆಲವನ್ನು ಬದಲಾಯಿಸಲು ಬಿಟ್ಟಿರಲಿಲ್ಲ. ಸುಲೋಚನಮ್ಮ ಜರಡಿ ಹಿಡಿದ ಕೆಮ್ಮಣ್ಣಿಗೆ ಸಗಣಿ ಬೆರೆಸಿ, ಅಂಬಲಿಯ ಹದಕ್ಕೆ ನೀರು ಹಾಕಿ ಕದಡಿದರು. ಸತ್ತ ಸೆಲ್ಲುಗಳನ್ನು ಹಿತ್ತಿಲ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆದು, ಒಳಗಿನ ಕಪ್ಪು ಪುಡಿಯನ್ನು ಸೋಸಿ ಅದಕ್ಕೆ ಸೇರಿಸಿದರು. ಮೂಲೆಯಿಂದ ಶುರುಮಾಡಿ, ಕುಕ್ಕರಗಾಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಅಂಗೈಯಿಂದ ಅರ್ಧಚಂದ್ರದ ಗೆರೆಗಳನ್ನು ಒಂದರ ಮೇಲೊಂದು ಎಳೆಯುತ್ತ ಬಾಗಿಲಿಗೆ ಬಂದರು. ಅರ್ಧ ಒಣಗಿದ ಮೇಲೆ ನುಣುಪಾದ ಹೊಳೆಗಲ್ಲು ಹಿಡಿದು ಇಡೀ ನೆಲವನ್ನು ತೀಡಿದರು. ಮಧ್ಯಾಹ್ನಕ್ಕೆ ನಡುಮನೆಯ ನೆಲ ಹೊಸ ಸ್ಲೇಟಿನ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಕಿಟಕಿಯ ಸರಳುಗಳ ನೆರಳು ಅದರಲ್ಲಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಸುಮನಾ ಬಿ.ಎಸ್ಸಿ. ಓದಿದವಳು, ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವಳು. ಆದರೂ ಆ ದಿನ ಅವಳಿಗೆ ಚಂದ ಎನ್ನುವುದು ಬಿಟ್ಟು ಬೇರೇನೂ ತೋಚಲಿಲ್ಲ.

ಸುಲೋಚನಮ್ಮ ಹದಿನೆಂಟಕ್ಕೆ ಹೆಗ್ಗದ್ದೆಗೆ ಸೊಸೆಯಾಗಿ ಬಂದವರು. ಗಂಡ ಶಿವಯ್ಯ ಹತ್ತಿರದ ಎಸ್ಟೇಟಿನ ಸ್ಟೋರ್‌ನಲ್ಲಿ ಕೆಲಸಕ್ಕಿದ್ದರು. ನೆಲ ಸಾರಿಸುವುದನ್ನು, ಮನೆ ತೊಳೆಯುವುದನ್ನು ಅತ್ತೆಯಿಂದ ಕಲಿತರು. ಅತ್ತೆ ಮೊದಲ ವರ್ಷ ಅವರ ಕೈಗೆ ನೆಲ ಕೊಡಲಿಲ್ಲವಂತೆ, ದನದ ಕೊಟ್ಟಿಗೆಯ ಗೋಡೆಯನ್ನಷ್ಟೇ ಕೊಟ್ಟಿದ್ದರಂತೆ. "ಗೋಡೆ ಸುಳ್ಳು ಹೇಳಾಕಿಲ್ಲ, ತಪ್ಪು ಮಾಡುದ್ರೆ ಮುಖದ ಮೇಲೇ ಬೀಳ್ತದೆ ಅನ್ನೋಳು ನಮ್ಮತ್ತೆ" ಎಂದು ಸುಲೋಚನಮ್ಮ ನಗುತ್ತ ಹೇಳುತ್ತಿದ್ದರು.

ಹಬ್ಬ ಹತ್ತಿರ ಬಂತೆಂದರೆ ಹೆಗ್ಗದ್ದೆಯ ಮನೆಗಳು ಅವರನ್ನು ಸರದಿಯಲ್ಲಿ ಕರೆಯುತ್ತಿದ್ದವು. ಆ ಗೊಬ್ಬರದ ಕೈಚೀಲದಲ್ಲಿ ಅವರ ಸಾಮಾನೆಲ್ಲ ಇರುತ್ತಿತ್ತು. ಅಂಟುವಾಳದ ಕಾಯಿಯನ್ನು ಹೆರಳೆಕಾಯಿ ಸಿಪ್ಪೆಯ ಜೊತೆ ಕುದಿಸಿ ಸೋಸಿದ ನೀರು ಬಾಟಲಿಯಲ್ಲಿ. ಅದು ಅಡುಗೆಮನೆಯ ಕಟ್ಟೆಗೆ, ಎಣ್ಣೆ ಜಿಡ್ಡಿನ ಗೋಡೆಗೆ. ಹಿತ್ತಾಳೆಗೆ ಹುಣಸೆಹುಳಿ ಮತ್ತು ಬೂದಿ. ಬೂದಿಯಲ್ಲೂ ಅವರಿಗೆ ಜಾತಿಗಳಿದ್ದವು. ಕಾಫಿಗೆ ನೆರಳು ಕೊಡುವ ಸಿಲ್ವರ್ ಮರದ ಬೂದಿ ಮೆತ್ತಗೆ, ಬೆಳ್ಳಿ ಲೋಟಕ್ಕೂ ಆಗುತ್ತದೆ. ಕಾಫಿ ಕಟ್ಟಿಗೆಯದು ಖಾರ, ಮಸಿ ಹಿಡಿದ ಅನ್ನದ ತಪ್ಪಲೆಗಷ್ಟೇ ಸರಿ, ಕೈ ಸುಲಿಯುತ್ತದೆ. ಲಾಟೀನಿನ ಗಾಜಿಗೆ ಹುಲ್ಲಿನ ಬೂದಿ. ಕಲ್ಲಿನ ಕಟ್ಟೆ ಪಾಲಿಶ್ ಮಾಡಿದ್ದಾದರೆ ಹುಳಿ ಮುಟ್ಟಿಸಬಾರದು, ಹೊಳಪು ತಿನ್ನುತ್ತದೆ. ಒಮ್ಮೆ ಹಾಗೆ ಮಾಡಿ ಒಬ್ಬರ ದೇವರ ಕಟ್ಟೆ ಮಂಕಾಗಿಸಿದ್ದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು, ಬೇರೆಯವರು ಆ ತಪ್ಪು ಮಾಡದಿರಲಿ ಎಂದು. ಫಿನೈಲ್ ಮಾತ್ರ ಅವರಿಗೆ ಆಗದು. "ಆ ವಾಸ್ನೆ ಹೊಡುದ್ರೆ ಯಾರೋ ಅಡ್ಮಿಟ್ ಆದಂಗೆ ಅನ್ನುಸ್ತದೆ" ಎನ್ನುವರು. ಶಿವಯ್ಯ ಪಕ್ಕದಲ್ಲಿದ್ದರೆ ಒಂದು ಮಾತು ಸೇರಿಸದೆ ಬಿಡುತ್ತಿರಲಿಲ್ಲ. "ಈ ಊರಲ್ಲಿ ಇವ್ಳು ತಿಕ್ಕದೇ ಉಳ್ದಿರೋ ಹಳೇ ಪಾತ್ರೆ ಅಂದ್ರೆ ನಾನೊಬ್ನೇ."

ಇದೆಲ್ಲಕ್ಕಿಂತ ಮೇಲೆ ಅವರ ಹೆಸರು ನಿಂತಿದ್ದು ಕರಿನೆಲದ ಮೇಲೆ. ಅಂಥ ಕಪ್ಪು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ.

ಮದುವೆಯಾಗಿ ಒಂದು ವರ್ಷ ಕಳೆದ ಮೇಲೆ ಫೆಬ್ರವರಿಯಲ್ಲಿ ಸುಮನಾಳಿಗೆ ಹೆಣ್ಣುಮಗು ಹುಟ್ಟಿತು. ಸ್ನೇಹಾ ಎಂದು ಹೆಸರಿಟ್ಟರು. ದೀಪಾವಳಿ ಬರುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತು. ಹಬ್ಬಕ್ಕೆ ಮೂರು ದಿನ ಇರುವಾಗ ಸುಲೋಚನಮ್ಮ ಬಂದು ನಡುಮನೆ ಸಾರಿಸಿ ಹೋದರು. ಮರುದಿನ ಮಧ್ಯಾಹ್ನ ಹೆಂಗಸರ ಸಂಘದ ಸಭೆ ಸುಮನಾಳ ಮನೆಯ ಪಡಸಾಲೆಯಲ್ಲೇ ಇತ್ತು. ಹನ್ನೆರಡು ಮಂದಿ ಬಂದಿದ್ದರು. ಅವರ ಜೊತೆ ಸುಲೋಚನಮ್ಮನೂ ಬಂದು ಕಂಬಕ್ಕೆ ಒರಗಿ ಕೂತಿದ್ದರು. ಸುಮನಾ ಕಾಫಿ ಕೊಟ್ಟು ನಡುಮನೆಗೆ ತಿರುಗಿ ನೋಡುತ್ತಾಳೆ, ಮಗು ನೆಲವನ್ನು ಉಗುರಿನಿಂದ ಕೆರೆದು ಬೆರಳು ಚೀಪುತ್ತಿದೆ. ಬಾಯಿ, ಗಲ್ಲ, ನಾಲಿಗೆ ಎಲ್ಲ ಕಪ್ಪು.

ಆ ಕ್ಷಣಕ್ಕೆ ಕಾಲೇಜಿನ ಲ್ಯಾಬು ಅವಳ ಕಣ್ಣ ಮುಂದೆ ಬಂತು. ಅದೇ ಕಪ್ಪು ಪುಡಿ ಅಲ್ಲಿ ಬಾಟಲಿಯಲ್ಲಿತ್ತು. ಮ್ಯಾಂಗನೀಸ್ ಡೈಆಕ್ಸೈಡ್ ಎಂದು ಚೀಟಿ ಅಂಟಿಸಿದ್ದರು, ಕೈಯಲ್ಲಿ ಮುಟ್ಟಬೇಡಿ ಎಂದು ಮೇಷ್ಟ್ರು ಹೇಳುತ್ತಿದ್ದರು. ಸೆಲ್ಲಿನ ಮೈಮೇಲೂ ಒಡೆಯಬೇಡಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅವಳು ಮಗುವನ್ನು ಎತ್ತಿಕೊಂಡು ಪಡಸಾಲೆಗೆ ಓಡಿಬಂದು ಕೂಗಿಬಿಟ್ಟಳು.

"ಇದು ವಿಷ ಕಣ್ರೀ! ನೆಲಕ್ಕೆ ಹಾಕಿರೋದು ಸೆಲ್ಲಿನ ಪುಡಿ, ವಿಷ ಇದು! ಮಕ್ಕಳಿರೋ ಮನೇಲಿ ಇದನ್ನ ಹಾಕ್ತಾರಾ ಯಾರಾದ್ರೂ?"

ಹನ್ನೆರಡು ತಲೆಗಳೂ ಒಟ್ಟಿಗೆ ಕಂಬದತ್ತ ತಿರುಗಿದವು. ಸುಲೋಚನಮ್ಮ ಎದ್ದರು. ಸುಮನಾಳ ತೋಳಿನಿಂದ ಮಗುವನ್ನು ತೆಗೆದುಕೊಂಡು ಹಂಡೆಯ ಹತ್ತಿರ ಹೋಗಿ, ಬೆರಳಿಗೆ ಬಟ್ಟೆ ಸುತ್ತಿ ಅದರ ಬಾಯಿಯನ್ನು, ನಾಲಿಗೆಯನ್ನು, ಒಂದೊಂದೇ ಬೆರಳನ್ನು ತೊಳೆದರು. ಮಗುವನ್ನು ವಿಶಾಲಮ್ಮನ ಮಡಿಲಿಗೆ ಕೊಟ್ಟರು. ಚೀಲ ತೆಗೆದುಕೊಂಡು ಹೊರಟುಹೋದರು.

ಸಂಜೆಯೇ ಮಗುವನ್ನು ಸಕಲೇಶಪುರದ ಡಾಕ್ಟರಿಗೆ ತೋರಿಸಿದರು. ಏನೂ ಆಗಿಲ್ಲ, ಆದರೆ ಇನ್ನು ಆ ಪುಡಿ ಬೇಡ ಎಂದು ಅವರು ಹೇಳಿ ಕಳಿಸಿದರು. ಮಗು ಚೆನ್ನಾಗಿಯೇ ಇತ್ತು. ಊರು ಮಾತ್ರ ಸುಮ್ಮನಿರಲಿಲ್ಲ. ಸಂಘದ ಅಧ್ಯಕ್ಷೆ ಶೀಲಾಳ ಮೊಮ್ಮಗನಿಗೆ ಹಬ್ಬದ ಮರುದಿನ ಹೊಟ್ಟೆನೋವು ಬಂತು. ಅವನು ತಿಂದಿದ್ದ ಎಂಟು ಕಜ್ಜಾಯದ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ, ನೆಲದ ಮೇಲೆ ಹೊರಿಸಿದರು. ಒಬ್ಬರು ಅಡುಗೆಮನೆಗೆ ಸಿಮೆಂಟು ಬಳಿಸಿದರು. ಇನ್ನೊಬ್ಬರು ಕಣ ಸಾರಿಸಲು ಬೇರೆಯವರನ್ನು ಕರೆಸಿದರು. ಕಣದ ಕೆಲಸಕ್ಕೆ ಸೆಲ್ಲಿನ ಪುಡಿ ಹಾಕುವುದೇ ಇಲ್ಲ, ಬರೀ ಸಗಣಿ. ಆದರೂ ಬೇರೆಯವರನ್ನೇ ಕರೆದರು. ಹಿತ್ತಾಳೆ ತಿಕ್ಕಲು, ಗೋಡೆ ತೊಳೆಯಲು ಕೂಡ ಸುಲೋಚನಮ್ಮನಿಗೆ ಕರೆ ಬರಲಿಲ್ಲ.

"ನಲವತ್ತು ವರ್ಷ ಅವ್ಳು ಸಾರ್ಸಿದ ನೆಲದ ಮೇಲೆ ಕೂತು ಉಂಡಿದೀವಿ, ಸತ್ತಿದೀವೇನೇ?" ಎಂದು ವಿಶಾಲಮ್ಮ ಸೊಸೆಯ ಮೇಲೆ ಕೂಗಾಡಿದರು.

"ಅತ್ತೆ, ಪುಡಿ ಒಳ್ಳೇದಲ್ಲ ಅನ್ನೋದು ನಿಜ."

"ನಿಜ ಹೇಳೋಕೆ ಹನ್ನೆರಡು ಜನ ಬೇಕಾಗಿತ್ತೇನು?"

ರಾಜಶೇಖರ್ ಟೈಲ್ಸ್ ಹಾಕಿಸಿಬಿಡೋಣ ಎಂದ. ಶಾಂತಮಲ್ಲಪ್ಪ ಮಂಡಿ ತೋರಿಸಿದರು. ನೆಲದ ಕಪ್ಪನ್ನು ಸುಮನಾ ತಾನೇ ನೀರು ಹಾಕಿ ತಿಕ್ಕಿ ತೆಗೆದಳು. ನೆಲ ಬೋಳುಬೋಳಾಗಿ, ಅಗೆದ ಮಣ್ಣಿನಂತೆ ಕಂಡಿತು. ಹೊಸದಾಗಿ ಬಂದಾಗ ತನಗೆ ಆಸರೆಯಾದವರ ಕೆಲಸವನ್ನು ತನ್ನ ಬಾಯಿಯೇ ಕಿತ್ತುಕೊಂಡಿತಲ್ಲ ಎಂಬ ಸಂಕಟ ಅವಳನ್ನು ಬಿಡಲಿಲ್ಲ. ಸಭೆಯಾದ ಹನ್ನೆರಡನೆಯ ದಿನ ಮಗುವನ್ನು ಎತ್ತಿಕೊಂಡು ಸುಲೋಚನಮ್ಮನ ಮನೆಗೆ ಹೋದಳು.

ಸುಲೋಚನಮ್ಮ ಜಗಲಿಯ ಮೇಲೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಎರಡು ಎಣ್ಣೆ ಡಬ್ಬದ ತುಂಬ ಸೆಲ್ಲುಗಳು.

"ಬಾ ಕೂತ್ಕೋ. ಕೂಸಿಗೆ ಏನೂ ಆಗ್ಲಿಲ್ಲವಲ್ಲ?"

"ಇಲ್ಲಮ್ಮ, ಚೆನ್ನಾಗವಳೆ. ನಾನು ನಿಮ್ಮ ಹತ್ರ..."

"ನೀನು ಸುಳ್ಳು ಹೇಳ್ಲಿಲ್ಲ" ಎಂದು ಸುಲೋಚನಮ್ಮ ನಡುವೆಯೇ ಹೇಳಿದರು. "ನಾನೂ ವಿಚಾರಿಸ್ದೆ. ನಮ್ಮನೆಯವ್ರು ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಹತ್ರ ಕೇಳ್ಕೊಂಡು ಬಂದ್ರು. ರೈಟ್ರೂ ಅದ್ನೇ ಅಂದ್ರು. ನಂಗೆ ಗೊತ್ತಿರ್ಲಿಲ್ಲ, ನನ್ನ ತಪ್ಪು. ಆದ್ರೆ ಮಗಾ, ಮೊದ್ಲು ನನ್ನ ಕಿವಿಗೆ ಹಾಕ್ಬೋದಿತ್ತು. ನಾನು ಅಲ್ಲೇ, ಮೂರು ಮಾರು ದೂರದಲ್ಲಿ ಕೂತಿದ್ದೆ."

"ತಪ್ಪಾಯ್ತು" ಎಂದಳು ಸುಮನಾ. ಅವಳು ಮೊರಕ್ಕೆ ಕೈ ಹಾಕಿ ಅವರೆ ಸುಲಿಯತೊಡಗಿದಳು. ಒಂದು ಸೇರಿನಷ್ಟು ಕಾಳಾಯಿತು. ಆಮೇಲೆ ಸುಮನಾ ಕೇಳಿದಳು.

"ಅಮ್ಮಾ, ಸೆಲ್ಲು ಬರೋಕೆ ಮುಂಚೆ ನಿಮ್ಮತ್ತೆ ಕಪ್ಪಿಗೆ ಏನು ಹಾಕ್ತಿದ್ರು?"

"ಕರಟ ಸುಟ್ಟು ಇದ್ದಿಲು ಮಾಡೋಳು. ಅದನ್ನ ಅರೆಯೋದ್ರಲ್ಲೇ ಒಂದು ದಿನ ಹೋಗ್ಬುಡೋದು. ಟಾರ್ಚು ಬಂದ ಮೇಲೆ ಆ ಪಾಡು ಯಾರಿಗೆ ಬೇಕು? ನಾನು ಅದ್ನ ಕಲೀಲೇ ಇಲ್ಲ."

"ಈಗ ಕಲಿಯೋಣ."

"ನನ್ನ ಯಾರವ್ವ ಕರೀತಾರೆ ಈಗ?"

"ಮೊದ್ಲು ನಮ್ಮನೆ ನೆಲ. ಫೆಬ್ರವರೀಲಿ ಸ್ನೇಹಾಗೆ ಒಂದು ವರ್ಷ ತುಂಬ್ತದೆ. ಸಂಘದೋರನ್ನೆಲ್ಲ ಊಟಕ್ಕೆ ಕರೀತೀನಿ, ಅದೇ ನೆಲದ ಮೇಲೆ ಕೂರಿಸ್ತೀನಿ."

ಸುಲೋಚನಮ್ಮ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ, "ಅಂಟ್ಕೊಂಡ್ರೆ?" ಎಂದು ಕೇಳಿದರು. "ಇದ್ದಿಲು ಸೀರೆಗೆ ಅಂಟ್ಕೊಂಡ್ರೆ ಆಮೇಲೆ ಈ ಊರಲ್ಲಿ ನಾನು ಪೊರಕೆ ಮುಟ್ಟೋ ಹಂಗೂ ಇಲ್ಲ."

"ಅಂಟದೇ ಇರೋ ಹಂಗೆ ಮಾಡೋಣ" ಎಂದಳು ಸುಮನಾ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆ ವಾರ ರಾಜಶೇಖರ್ ಎರಡು ಡಬ್ಬದ ಸೆಲ್ಲನ್ನೂ ಹಾಸನಕ್ಕೆ ಒಯ್ದು, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಟ್ಟುಬಂದ. ಕಾಫಿ ಕೊಯ್ಲು ಶುರುವಾಗಿತ್ತು. ಹಗಲೆಲ್ಲ ಎಲ್ಲರೂ ತೋಟದಲ್ಲಿ. ಸೋಮವಾರ ಶಿವನ ವಾರವೆಂದು ಶಾಂತಮಲ್ಲಪ್ಪನ ಮನೆಯಲ್ಲಿ ತೋಟದ ಕೆಲಸ ನಿಲ್ಲಿಸುವ ಪದ್ಧತಿ. ಹಾಗಾಗಿ ಸೋಮವಾರಗಳು ನೆಲದ ಪಾಲಿಗೆ ಬಂದವು.

ಮೊದಲ ಸೋಮವಾರ ಕರಟ ಸುಟ್ಟು, ಪುಡಿಮಾಡಿ, ಸಗಣಿಗೆ ಕಲಸಿ ನಡುಮನೆಯ ಒಂದು ಮೂಲೆ ಸಾರಿಸಿದರು. ಬಣ್ಣ ಚೆನ್ನಾಗಿಯೇ ಬಂತು. ಯಾರೂ ಆ ಕಡೆ ಹೋಗಬೇಡಿ ಎಂದು ಹೇಳಿದ್ದರೂ ಶಾಂತಮಲ್ಲಪ್ಪ ಪೂಜೆ ಮುಗಿಸಿ, ಒಗೆದ ಬಿಳಿ ಪಂಚೆಯಲ್ಲಿ, ರೂಢಿಯಂತೆ ಅದೇ ಮೂಲೆಯಲ್ಲಿ ಊಟಕ್ಕೆ ಕೂತರು. ಎದ್ದಾಗ ಪಂಚೆಯ ಹಿಂಭಾಗದಲ್ಲಿ ಎರಡು ದುಂಡನೆಯ ಕಪ್ಪು ಮುದ್ರೆ. ಅವರಿಗೆ ಅದು ತಿಳಿಯದೆ, ಹಾಗೆಯೇ ಡೈರಿಗೆ ಹಾಲು ಹಾಕಿ ಬಂದರು.

"ದಾರೀಲಿ ಎಲ್ರೂ ನನ್ನ ನೋಡಿ ನಗ್ತಿದ್ರು. ಏನೋ ಒಳ್ಳೆ ಮನ್ಸು ಅಂದ್ಕೊಂಡೆ" ಎಂದರು ಬಂದ ಮೇಲೆ.

ವಿಶಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸುಲೋಚನಮ್ಮ ಮೊದಲು ಹೆದರಿದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಆ ಮನೆಯಲ್ಲಿ ಅವರು ನಕ್ಕಿದ್ದು ದೀಪಾವಳಿ ಕಳೆದ ಮೇಲೆ ಅದೇ ಮೊದಲು.

ಪುಡಿಯನ್ನು ಹಿಡಿದಿಡಲು ಏನಾದರೂ ಅಂಟು ಬೇಕು ಎಂದು ಸುಮನಾ ಹೇಳಿದಳು. ಎಣ್ಣೆ ಹಾಕಿದರೆ ಇರುವೆ ಬರುತ್ತದೆ. ಮೈದಾ ಗಂಜಿ ಹಾಕಿದರೆ ಜಿರಲೆ. ಒಂದು ಬೆಳಿಗ್ಗೆ ವಿಶಾಲಮ್ಮ ತಲೆಗೆ ಹಚ್ಚಿಕೊಳ್ಳಲು ದಾಸವಾಳದ ಸೊಪ್ಪು ಕಿವುಚುತ್ತಿದ್ದಾಗ ಸುಲೋಚನಮ್ಮ ಆ ಬಟ್ಟಲಿಗೆ ಬೆರಳು ಅದ್ದಿ, ಎರಡು ಬೆರಳ ನಡುವೆ ಲೋಳೆಯನ್ನು ಎಳೆದು ನೋಡಿದರು. "ವಿಶಾಲಕ್ಕಾ, ಇವತ್ತು ನಿನ್ನ ತಲೆ ಹಂಗೇ ಇರ್ಲಿ" ಎಂದು ಬಟ್ಟಲನ್ನೇ ಎತ್ತಿಕೊಂಡು ಹೋದರು.

ಎರಡನೆಯ ಪ್ರಯೋಗ ಲೋಳೆ ಹೆಚ್ಚಾಗಿ ಕೆಟ್ಟಿತು. ನೆಲ ಒಣಗಿ ಹಪ್ಪಳದ ಹಾಗೆ ಎದ್ದುಬಂತು. ಮೂರನೆಯದರಲ್ಲಿ ಇದ್ದಿಲು ದಪ್ಪವಾಗಿ ಉಳಿದು ಕಾಲಿಗೆ ಚುಚ್ಚುತ್ತಿತ್ತು. ನಾಲ್ಕನೆಯ ಹೊತ್ತಿಗೆ ಸುಲೋಚನಮ್ಮ ಸುಮನಾಳನ್ನು ಕೇಳುವುದು ಬಿಟ್ಟರು. ಕೈ ತಾನೇ ಹದ ಹುಡುಕತೊಡಗಿತ್ತು. ಇದ್ದಿಲನ್ನು ಒಂದು ರಾತ್ರಿ ಲೋಳೆಯಲ್ಲಿ ನೆನೆಹಾಕಿ, ಒರಳಿನಲ್ಲಿ ದೋಸೆಹಿಟ್ಟಿನಂತೆ ಅರೆದು, ಹಳೆಯ ಪಂಚೆಯಲ್ಲಿ ಸೋಸಿದರು. ಸಗಣಿಯೊಳಗೆ ಬೆರೆಸಲಿಲ್ಲ. ಮೊದಲು ಬರೀ ಸಗಣಿ ಮತ್ತು ಕೆಮ್ಮಣ್ಣಿನಲ್ಲಿ ಸಾರಿಸಿ ಪೂರ್ತಿ ಒಣಗಲು ಬಿಟ್ಟರು. ಅದರ ಮೇಲೆ ಕಪ್ಪನ್ನು ಬಟ್ಟೆಯಿಂದ ತೆಳ್ಳಗೆ ಎಳೆದರು, ಮುಖಕ್ಕೆ ಪೌಡರು ಹಚ್ಚುವಷ್ಟೇ. ಅರ್ಧ ಒಣಗಿದಾಗ ಹೊಳೆಗಲ್ಲಿನಿಂದ ತೀಡಿದರು. ಒಂದು ಬಾರಿಯಲ್ಲ, ಮೂರು ಬಾರಿ. ಮರುದಿನ ಸುಮನಾ ಬಿಳಿಯ ಕರವಸ್ತ್ರ ಒತ್ತಿ ತಿಕ್ಕಿದಳು. ತಿರುಗಿಸಿ ನೋಡಿದಳು. ಕರವಸ್ತ್ರ ಬೆಳ್ಳಗೇ ಇತ್ತು.

"ಇನ್ನೊಂದ್ಸಲ ತಿಕ್ಕು. ನಿನ್ನ ಕೈಲಿ ಬಲ ಇಲ್ಲ" ಎಂದರು ಸುಲೋಚನಮ್ಮ. ಅವಳು ತಿಕ್ಕಿದಳು. ಅವರು ತಾವೂ ತಿಕ್ಕಿದರು. ಆಮೇಲೆ ಮಗುವನ್ನು ನೆಲದ ಮೇಲೆ ಬಿಟ್ಟರು. ಮಗು ಈ ಗೋಡೆಯಿಂದ ಆ ಗೋಡೆಗೆ ಅಂಬೆಗಾಲಿಟ್ಟು, ಕೈಯನ್ನು ನೇರ ಬಾಯಿಗೆ ಹಾಕಿತು. ಸುಲೋಚನಮ್ಮ ಬಗ್ಗಿ ಅದರ ನಾಲಿಗೆ ನೋಡಿದರು. ಗುಲಾಬಿ ಬಣ್ಣಕ್ಕಿತ್ತು.

ಹುಟ್ಟುಹಬ್ಬದ ದಿನ ಸಂಘದ ಹನ್ನೆರಡು ಮಂದಿಯೂ ಬಂದರು. ಬರುವುದಕ್ಕೆ ಕಾರಣ ಮಗುವಿನ ಮೇಲಿನ ಪ್ರೀತಿ ಅರ್ಧ, ಮುಂದೇನಾಗುತ್ತದೆ ನೋಡೋಣ ಎಂಬುದು ಅರ್ಧ. ನಡುಮನೆಯಲ್ಲಿ ಎರಡು ಸಾಲು ಬಾಳೆಲೆ ಹಾಕಿದ್ದರು. ಚಾಪೆ ಹಾಸಿರಲಿಲ್ಲ. ಸುಮನಾ ಬಾಗಿಲಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ ಹೇಳಿದಳು.

"ಈ ನೆಲದಲ್ಲಿ ಸೆಲ್ಲಿನ ಪುಡಿ ಇಲ್ಲ. ಕರಟದ ಇದ್ದಿಲು, ದಾಸವಾಳದ ಸೊಪ್ಪು, ಸಗಣಿ, ಮಣ್ಣು, ಅಷ್ಟೇ. ಸುಲೋಚನಮ್ಮ ಮೂರು ತಿಂಗಳು ಕಷ್ಟಪಟ್ಟು ಹದ ಕಂಡ್ಹಿಡಿದವ್ರೆ. ಅವತ್ತು ನಾನು ಹೇಳಿದ ವಿಷಯ ನಿಜ, ಆದ್ರೆ ಹೇಳಿದ ರೀತಿ ತಪ್ಪು. ಅವತ್ತು ಇಲ್ಲೇ ಹೇಳ್ದೆ, ಇವತ್ತೂ ಇಲ್ಲೇ ಹೇಳ್ತಿದೀನಿ. ಕೂತ್ಕೊಳಿ."

ಯಾರೂ ಕೂರಲಿಲ್ಲ. ಎಲ್ಲರ ಮೈಮೇಲೂ ಒಳ್ಳೆಯ ಸೀರೆ. ಶೀಲಾಳದು ಕೆನೆಬಣ್ಣದ ರೇಷ್ಮೆ, ಮಗನ ಮದುವೆಗೆ ತೆಗೆದದ್ದು. ಅವಳು ನೆಲ ನೋಡಿದಳು, ಸೆರಗು ನೋಡಿಕೊಂಡಳು. ಸುಲೋಚನಮ್ಮ ಅಡುಗೆಮನೆಯ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. ಕೈಯಲ್ಲಿ ಪಾಯಸದ ಸೌಟು ಇತ್ತು.

"ಏನೇ ಶೀಲಾ, ನಿಂತ್ಕೊಂಡೇ ಉಣ್ತೀಯಾ? ಕುದುರೆ ಜಾತಿಯೇನೇ ನೀನು?" ಎಂದು ವಿಶಾಲಮ್ಮ ಕೆಣಕಿದರು.

"ಅಲ್ಲ ಅಕ್ಕಾ, ರೇಷ್ಮೆ..."

"ನನ್ನ ಪಂಚೆ ಕತೆ ಕೇಳಿರ್ಬೇಕು ಅವ್ಳು" ಎಂದು ಪಡಸಾಲೆಯಿಂದ ಶಾಂತಮಲ್ಲಪ್ಪನ ಧ್ವನಿ ಬಂತು. ಎಲ್ಲರೂ ಗೊಳ್ಳೆಂದು ನಕ್ಕರು. ನಗುವಿನ ನಡುವೆ ಶೀಲಾ, ಆದದ್ದಾಗಲಿ ಎಂಬಂತೆ ಸೀರೆ ಮುದುರದೆ, ಮೊದಲ ಎಲೆಯ ಮುಂದೆ ಕೂತಳು. ಅವಳು ಕೂತ ಮೇಲೆ ಉಳಿದವರೂ ಕೂತರು.

ಊಟ ನಡೆಯಿತು. ಹೋಳಿಗೆ, ಅವರೆಕಾಳಿನ ಸಾರು, ಪಾಯಸ. ಸುಲೋಚನಮ್ಮ ಬಡಿಸಿದರು. ಯಾರ ಮುಖವನ್ನೂ ನೋಡಲಿಲ್ಲ, ಎಲೆಗಳನ್ನಷ್ಟೇ ನೋಡಿದರು. ಕೊನೆಗೆ ಶೀಲಾ ಕೈ ತೊಳೆಯಲು ಎದ್ದಳು. ಎದ್ದವಳೇ ಬೆನ್ನು ತಿರುಗಿಸಿ ನಿಂತು, "ನೋಡ್ರೇ, ನೋಡಿ ಹೇಳ್ರೇ ಏನಾಗೈತೆ" ಎಂದಳು. ಹನ್ನೊಂದು ಮಂದಿ ಹೆಂಗಸರು, ಕೆಲವರು ಎಂಜಲು ಕೈ ಎತ್ತಿ ಹಿಡಿದು, ಊರ ಸಂಘದ ಅಧ್ಯಕ್ಷೆಯ ಹಿಂಭಾಗವನ್ನು ಬಗ್ಗಿ ಪರೀಕ್ಷಿಸಿದರು. ಒಬ್ಬಳು ಸೀರೆ ಎಳೆದು ಬೆಳಕಿಗೆ ಹಿಡಿದಳು.

"ಏನೂ ಇಲ್ಲ ಮಾರಾಯ್ತಿ. ಒಂದು ಚುಕ್ಕಿ ಇಲ್ಲ."

ಶೀಲಾ ನಿಧಾನವಾಗಿ ತಿರುಗಿ ಅಡುಗೆಮನೆಯ ಬಾಗಿಲತ್ತ ನೋಡಿದಳು. "ಸುಲೋಚನಕ್ಕಾ, ನಮ್ಮನೇಲಿ ದೇವ್ರ ಮನೆ ನೆಲ ಹಾಳಾಗ್ಬುಟ್ಟೈತೆ. ಶಿವರಾತ್ರಿಗೆ ಮುಂಚೆ ಬತ್ತೀಯಾ?"

"ನಿನ್ನ ಮೊಮ್ಮಗನ ಹೊಟ್ಟೆ ಹೆಂಗೈತೆ ಈಗ?" ಎಂದು ಕೇಳಿದರು ಸುಲೋಚನಮ್ಮ.

ಶೀಲಾ ನಾಲಿಗೆ ಕಚ್ಚಿಕೊಂಡು, "ಕಜ್ಜಾಯ ಕಣಕ್ಕಾ, ಕಜ್ಜಾಯ. ಆವತ್ತೇ ಗೊತ್ತಿತ್ತು ನಂಗೆ" ಎಂದಳು. ಆಗ ಎದ್ದ ನಗೆಗೆ ಮಲಗಿದ್ದ ಮಗುವಿಗೆ ಎಚ್ಚರವಾಯಿತು.

"ಬತ್ತೀನಿ" ಎಂದರು ಸುಲೋಚನಮ್ಮ. "ಕರಟ ನೀನೇ ಕೂಡಿಟ್ಟಿರು. ಇಪ್ಪತ್ತಾದ್ರೂ ಬೇಕು." ಅವರು ಒಳಗೆ ಹೋಗಿ ಸೌಟನ್ನು ಪಾತ್ರೆಯಲ್ಲಿಟ್ಟು, ಒಲೆಯ ಪಕ್ಕದಲ್ಲಿ ಕೂತು, ಆಗಷ್ಟೇ ತಮಗೂ ಒಂದು ಎಲೆ ಹಾಕಿಕೊಂಡರು. ಸುಮನಾ ಬಡಿಸಿದಳು. ಅವರು ಎರಡು ಹೋಳಿಗೆ ಹೆಚ್ಚೇ ಉಂಡರು.

ಸುಲೋಚನಮ್ಮನಿಗೆ ಈಗ ಅರವತ್ತೆರಡು. ಹೆಗ್ಗದ್ದೆಯಲ್ಲಿ ಹದಿನಾಲ್ಕು ಮನೆಗಳ ನೆಲ ಸಾರಿಸುತ್ತಾರೆ. ಹಾನುಬಾಳಿನ ಹತ್ತಿರದ ಒಂದು ಹೋಂಸ್ಟೇಗೆ ತಿಂಗಳಿಗೆ ಎರಡು ಬಾರಿ ಜೀಪಿನಲ್ಲಿ ಹೋಗಿ, ಅಲ್ಲಿನ ಅಡುಗೆಮನೆಯನ್ನು ಅಂಟುವಾಳ ಮತ್ತು ಹೆರಳೆಸಿಪ್ಪೆಯ ನೀರಿನಿಂದ ತೊಳೆದು ಬರುತ್ತಾರೆ. ಬುಧವಾರ ಮಧ್ಯಾಹ್ನ ಇಬ್ಬರು ಹೆಂಗಸರಿಗೆ ಇದ್ದಿಲು ಅರೆಯುವುದನ್ನು ಹೇಳಿಕೊಡುತ್ತಾರೆ. ಸೋಮವಾರ ಮಾತ್ರ, ಶಾಂತಮಲ್ಲಪ್ಪನ ಮನೆಯವರ ಹಾಗೆ, ಕೆಲಸಕ್ಕೆ ಹೋಗುವುದಿಲ್ಲ.